ಕಡಿಮೆ ಬಿದ್ದ ತೂಕ

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆ ಮುಗಿದು
ಏರು ಶುರುವಾಗುವಲ್ಲಿ ನಮ್ಮ ಆಫೀಸು.
ಬೋರ್ಡಿನಲ್ಲಿ ತೂಕ ಮತ್ತು ಅಳತೆ ಇಲಾಖೆ,
ಆಟೋದವರ ಬಾಯಲ್ಲಿ ಇನ್ನೂ ದೊರೆ ಚರ್ಚು.
ಎರಡಕ್ಕೂ ಮೀಟರು ಒಂದೇ.

ಗುಮಾಸ್ತನಾಗಿ ಬಂದ ದಿನ ನನಗೆ ಮೊದಲು ಕಂಡದ್ದು
ನೆತ್ತಿಯ ಮೇಲೆ ಅಷ್ಟೆತ್ತರದ ಖಾಲಿ.
ಯಾರ ತಲೆಗೂ ತಾಗದ, ಯಾವ ಫೈಲಿಗೂ ಸೇರದ ಜಾಗ.
ಸರ್ಕಾರಿ ಕಟ್ಟಡಕ್ಕೆ ಇಷ್ಟು ಗಾಳಿ ಯಾತಕ್ಕೆ
ಅಂದುಕೊಂಡು ಕುರ್ಚಿ ಎಳೆದು ಕೂತೆ.

ಕಟ್ಟಿಸಿದವರು ಕಾಫಿ ದೊರೆಗಳು.
ಭಾನುವಾರ ಕುದುರೆಯಲ್ಲಿ ಗಿರಿ ಇಳಿದು ಬಂದು
ಮೊಣಕಾಲೂರಿ, ಸಂಜೆಗೆ ಮತ್ತೆ ಗಿರಿ ಏರಿದವರು.
ತೋಟದ ಆಳುಗಳಿಗೆ ಹಿಂದಿನ ಎರಡು ಬೆಂಚು,
ಅದರಲ್ಲೂ ಒಂದು ಕುಂಟು.
ದೊರೆಗಳು ಹಡಗು ಹತ್ತಿದ ಮೇಲೆ
ಹಿಂದಿನ ಬೆಂಚಿನವರು ಮುಂದೆ ಬಂದು ಕೂತರು,
ಹನ್ನೊಂದು ವರ್ಷ. ಅಷ್ಟರಲ್ಲಿ ಸೂರು ಸೋರಿ
ಪಾದ್ರಿಯ ಸಂಬಳ ನಿಂತಿತು.
ಬೀಗ. ಬಾವಲಿ.
ಬಳಿಕ ಯಾರೋ ಸಾಹುಕಾರರ ಕಾಫಿ ಮೂಟೆ,
ಪೀಠದಿಂದ ಬಾಗಿಲವರೆಗೆ ಎರಡಾಳೆತ್ತರ.
ಈಗಲೂ ಮೊದಲ ಮಳೆಗೆ ಗೋಡೆ ಬೆವರಿದರೆ
ಬರುವುದು ಕಾಫಿ ಹೊಟ್ಟಿನ ವಾಸನೆ, ಮೇಣದ್ದಲ್ಲ.
ಸೇರು ಹೋಗಿ ಕಿಲೋ ಬಂದು ಅದೂ ಹಳತಾದ ಮೇಲೆ
ಇಲಾಖೆ ಬಂತು, ತಿಂಗಳಿಗೆ ಎಂಬತ್ತು ರೂಪಾಯಿಗೆ.

ಪೀಠವಿದ್ದ ಕಡೆ ಈಗ ಗಾಜಿನ ಪೆಟ್ಟಿಗೆ,
ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆ ಬಟ್ಟುಗಳು,
ಜಿಲ್ಲೆಯ ಕಿಲೋಗಳಿಗೆಲ್ಲ ತಾಯಿ ಕಿಲೋ.
ಬರಿಗೈ ತಾಗಿಸಬಾರದು, ಬೆವರೂ ತೂಗುತ್ತದೆ.
ಹಾಲಿನ ಪಾವು, ಸೀಮೆಎಣ್ಣೆಯ ಲೀಟರು ಪರೀಕ್ಷಿಸಲು
ನೀರು ತುಂಬಿಡುವುದು ದೀಕ್ಷಾಸ್ನಾನದ ಕಲ್ಲುತೊಟ್ಟಿಯಲ್ಲಿ.
ಅದರ ತೂತಿಗೆ, ತಕ್ಕಡಿ ರಿಪೇರಿಯ ಗಫಾರ್ ಸಾಬರು
ಬಡಿದು ಕೂರಿಸಿದ ಸೀಸದ ಬಿರಡೆ.

ಒಣಮೀನಿನ ಕೃಪಾವತಿ ವರ್ಷಕ್ಕೊಮ್ಮೆ ತಕ್ಕಡಿ ತರುತ್ತಾಳೆ.
ಆ ತೊಟ್ಟಿಯಲ್ಲೇ ಅವಳಿಗೆ ಹೆಸರಿಟ್ಟದ್ದು.
ತೊಟ್ಟಿಯ ಅಂಚಿಗೊಮ್ಮೆ ಬೆರಳು ಸವರಿ
"ನೀರು ಬದಲಿಸಿ ಸಾರ್, ಹುಳ ಬಿದ್ದಿದೆ" ಅನ್ನುತ್ತಾಳೆ.
ಬೇರೇನೂ ಅನ್ನುವುದಿಲ್ಲ.
ಅವಳ ಮುಳ್ಳು ಯಾವಾಗಲೂ ಗಿರಾಕಿಯ ಕಡೆಗೆ
ಒಂದೆಳೆ ವಾಲಿರುತ್ತದೆ.
ನಿಯಮದ ಪ್ರಕಾರ ಅದೂ ತಪ್ಪೇ.

ಹೋದ ವರ್ಷ ಗೋಪುರದ ತೊಲೆಗೆ ಗೆದ್ದಲು ಹಿಡಿದು
ಗಂಟೆ ಇಳಿಸಬೇಕಾಯಿತು. ಆರು ಜನ ಹಮಾಲರು, ಒಂದು ಹಗ್ಗ.
ಅದರ ಭುಜದ ಮೇಲೆ ಎರಕದವನು ಕೊರೆದಿದ್ದ ತೂಕ:
ಎರಡು ಹಂಡ್ರೆಡ್‌ವೇಟು, ಹದಿನಾಲ್ಕು ಪೌಂಡು.
ಗುಣಿಸಿದರೆ ನೂರೇಳು ಕಿಲೋ, ಒಂಬೈನೂರ ಐವತ್ತೈದು ಗ್ರಾಂ.
ನಮ್ಮ ಕಾಟಾ ತೋರಿಸಿದ್ದು ನೂರೇಳು, ಮುನ್ನೂರು.
ಮೂರು ಸಲ ತೂಗಿದೆವು. ಮೂರು ಸಲವೂ
ಆರುನೂರ ಐವತ್ತೈದು ಗ್ರಾಂ ಕಡಿಮೆ.

ಸರದಿಯಲ್ಲಿ ನಿಂತಿದ್ದ ಕೃಪಾವತಿ ಅಂದಳು:
"ಬಾರಿಸಿ ಬಾರಿಸಿ ಸವೆದಿದೆ ಸಾರ್.
ನಮ್ಮಪ್ಪನೇ ಇಪ್ಪತ್ತು ವರ್ಷ ಹಗ್ಗ ಜಗ್ಗಿದ್ದ."
ಗಫಾರ್ ಸಾಬರು ಬೀಡಿಯನ್ನು ಕಿವಿಗೆ ಸಿಕ್ಕಿಸಿ,
"ಎಲ್ಲಿಯ ಸವೆತ! ಎರಕದವನೇ ತಿಂದಿರುತ್ತಾನೆ.
ವಿಲಾಯತಿಯವನಾದರೇನು, ಅವನೂ ವ್ಯಾಪಾರಿ."

ನಾನು ಗಂಟೆಯೊಳಗೆ ಕೈ ಹಾಕಿದೆ.
ನಾಲಗೆ ಬಡಿಯುತ್ತಿದ್ದ ಕಡೆ ಒಂದು ತಗ್ಗು,
ಹೆಬ್ಬೆರಳು ಕೂರುವಷ್ಟು, ನುಣ್ಣಗೆ.
ಅಷ್ಟರೊಳಗೆ ಆರುನೂರ ಐವತ್ತೈದು ಗ್ರಾಂ ಹಿಡಿಸೀತೆ?
ಅಷ್ಟೂ ಹಿಡಿಸದಿದ್ದರೆ, ಎಷ್ಟು?

ರಿಜಿಸ್ಟರಿನಲ್ಲಿ ವ್ಯತ್ಯಾಸದ ಕಾರಣ ಎಂಬ ಕಾಲಂ ಇದೆ.
ಮೂವತ್ತು ವರ್ಷ ಅದರಲ್ಲಿ
ಸವಕಳಿ, ಇಲ್ಲವೇ ಮೋಸ ಅಂತಷ್ಟೇ ಬರೆದವನು
ಅವತ್ತು ಅಡ್ಡಗೆರೆಯನ್ನೂ ಎಳೆಯಲಿಲ್ಲ.

ಆಮೇಲೆ ಕೃಪಾವತಿಯ ತಕ್ಕಡಿ.
ವಾಲಿತ್ತು, ಅದೇ ಕಡೆಗೆ, ಅದೇ ಒಂದೆಳೆ.
ನೋಡಿದೆ. ಸುತ್ತಿಗೆ ಎತ್ತಿ
ಅವಳ ಬಟ್ಟಿನ ಹೊಟ್ಟೆಯ ಸೀಸಕ್ಕೆ ಮುದ್ರೆ ಹೊಡೆದೆ.
ಮೇಲಿನ ಖಾಲಿ ಒಮ್ಮೆ ಠಣ್ ಅಂದಿತು.

ಮುಂದಿನವರು ಬನ್ನಿ, ಅಂತ ಕೂಗಿದೆ.