ನಿಧಿಸಂಗ್ರಹದ ಆರನೆಯ ರಾತ್ರಿ

ಟೊಲೀಡೊದಲ್ಲಿ ಫೆಬ್ರವರಿ. ನದಿ ಹೆಪ್ಪುಗಟ್ಟಿದೆ.
ಬಾಗಿಲು ಹಾಕಿದ ಗಾಜಿನಂಗಡಿಯ ಮೇಲೆ, ಮಹಡಿಯಲ್ಲಿ
ನಮ್ಮ ಜಾಜ್ ಸ್ಟೇಷನ್ನು: ಎರಡು ಕೋಣೆ, ಒಂದು ಹೀಟರು,
ಅದೂ ಥಾಡಿಯಸ್ ಬ್ಲೇಕ್ನಿಯ ಹಾಗೆ
ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತದೆ.

ಮೂರು ಫೋನು, ಮೂವರು ನಾವು.
ನಾನು, ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು;
ವರ್ನೀತಾ, ದಂತವೈದ್ಯರ ಲೆಕ್ಕ ಬರೆಯುವವಳು;
ಮತ್ತೆ ಸೋಬ್ಚಾಕ್ ಮುದುಕಿ. ಜಾಜ್ ಅಂದರೆ ತಲೆನೋವು ಅವಳಿಗೆ,
ಗಂಡ ಕೇಳುತ್ತಿದ್ದ ಎಂದು ಬರುತ್ತಾಳೆ,
ವರ್ಷಕ್ಕೆ ಎರಡು ವಾರ, ಗಸಗಸೆ ಹೂರಣದ ಬ್ರೆಡ್ಡು ಹೊತ್ತು.

ಗಾಜಿನಾಚೆ ಥಾಡಿಯಸ್ ಬೇಡುತ್ತಿದ್ದಾನೆ.
ಬೇಡುವುದು ಅವನಿಗೆ ಬರುವುದಿಲ್ಲ.
ನಾಲ್ಕು ತಾಸು ತಾಳ ತಪ್ಪದೆ ತಟ್ಟೆ ತಿರುಗಿಸುವವನು
ದುಡ್ಡು ಎಂಬ ಶಬ್ದ ಬಂದೊಡನೆ
ಬೇರೆಯವರ ಮನೆಯ ಕತ್ತಲಲ್ಲಿ
ಸ್ವಿಚ್ಚು ತಡಕುವವನ ಹಾಗೆ ಆಗಿಬಿಡುತ್ತಾನೆ.
"ಅರವತ್ತು ಡಾಲರಿಗೆ ಒಂದು ಮಗ್ಗು," ಅನ್ನುತ್ತಾನೆ,
"ನೂರಿಪ್ಪತ್ತಕ್ಕೆ, ಮ್, ಎರಡು."

ಹೋದ ವರ್ಷದ ಮಗ್ಗು. ಇನ್ನೂ ನಾನೂರು ಉಳಿದಿವೆ.
ಅದರ ಮೇಲೆ ನಮ್ಮ ಅಂಕಿ ತಿರುಗುಮುರುಗಾಗಿ ಅಚ್ಚಾಗಿದೆ;
ನಂಬಿ ರೇಡಿಯೊ ತಿರುಗಿಸಿದವರಿಗೆ
ಟ್ರ್ಯಾಕ್ಟರು ಮಾರುವವನ ಜಾಹೀರಾತು ಕೇಳುತ್ತದೆ.

ಬೇಕಾದ್ದು ಒಂಬತ್ತು ಸಾವಿರ. ಬಂದದ್ದು ಆರು ಸಾವಿರದ ನಲವತ್ತು.
ಪಟ್ಟಿ ನನ್ನ ಕೋಳಿಕಾಲಿನ ಅಕ್ಷರದಲ್ಲಿದೆ:
ಡಾಯ್ಲ್ ಪೆಟಿಗ್ರೂ, ಬೇಕರಿಯ ರಾತ್ರಿಪಾಳಿ, ಹದಿನೈದು,
ಹಿಟ್ಟು ನಾದುವಾಗ ಡ್ರಮ್ಮು ಜಾಸ್ತಿ ಇರಲಿ ಎಂದ.
ಹೆಸರು ಹೇಳದ ಹೆಂಗಸು, ಐದು, ಸತ್ತ ನಾಯಿಯ ನೆನಪಿಗೆ.
ಒಬ್ಬ ಹುಡುಗ, ಎರಡು ಡಾಲರು ಹದಿನಾಲ್ಕು ಸೆಂಟು.
ಹನಿಗೂಡಿದರೆ ಹಳ್ಳ ಅನ್ನುತ್ತಾರೆ ಬಲ್ಲವರು,
ಹಳ್ಳದ ತಳ ತೂತಾದರೆ ಏನೆಂದು ಹೇಳಿಲ್ಲ:
ಕರೆಂಟಿಗೆ ಇಷ್ಟು, ಗೋಪುರದ ಬಾಡಿಗೆಗೆ ಇಷ್ಟು,
ಸತ್ತ ಸಂಗೀತಗಾರರ ಹಕ್ಕಿಗೆ ಇಷ್ಟು.

ಹನ್ನೊಂದೂವರೆಗೆ ನನ್ನ ಫೋನು.
ಗಂಡಸಿನ ದನಿ, ಹಿಂದೆ ಲಾರಿಯ ಎಂಜಿನ್ನು.
"ನಲವತ್ತು ಕೊಡುತ್ತೇನೆ. ಒಂದೇ ಷರತ್ತು,
ಅವನು ಬಾಯಿ ಮುಚ್ಚಬೇಕು.
ಆರು ದಿನದಿಂದ ಮಗ್ಗು, ಮಗ್ಗು.
ನಾನು ಸ್ಯಾಕ್ಸೊಫೋನು ಕೇಳಲು ಬಂದವನು."
ಇದ್ದದ್ದು ಇದ್ದ ಹಾಗೆ ಚೀಟಿಯಲ್ಲಿ ಬರೆದು
ಗಾಜಿಗೆ ಒತ್ತಿ ಹಿಡಿದೆ.
ಥಾಡಿಯಸ್ ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ.
ನಗುತ್ತಾನೆ ಅಂದುಕೊಂಡೆ.

ಮೈಕು ಆರಿಸಿ, ಎದ್ದು,
ಕೆಳಗಿನ ಅರೆಯಿಂದ ಒಂದು ಟೇಪು ತಂದ.
ಊರಿನವನೇ, ಲೂಷಿಯಸ್ ಗೇಟ್ಲಿ,
ವಾರವೆಲ್ಲ ಗಾಜಿನ ಕುಲುಮೆಯ ಮುಂದೆ ನಿಂತು
ಶನಿವಾರ ಮಾತ್ರ ಊದುತ್ತಿದ್ದವನು.
ಉಳಿದದ್ದು ಇದೊಂದೇ, ಯಾರದೋ ಮದುವೆಯದು:
ಚಮಚದ ಸದ್ದು, ಮಗುವಿನ ಅಳು,
ನಡುವೆ ಜಾಗ ಮಾಡಿಕೊಂಡು ಅವನ ಉಸಿರು.

ಒಂದು ಸ್ವರ ಹಿಡಿಯುತ್ತಾನೆ, ಬಿಡುತ್ತಾನೆ,
ಬಿಟ್ಟ ಮೇಲೆ ಕಾಯುತ್ತಾನೆ.
ಆ ಕಾಯುವುದು ನನಗೆ ಗೊತ್ತು:
ಕೊನೆಯ ಟ್ರಿಪ್ಪು, ಪಕ್ಕದ ಕನ್ನಡಿಯಲ್ಲಿ
ಯಾರೋ ಹಿಮದಲ್ಲಿ ಓಡಿ ಬರುತ್ತಿದ್ದಾರೆ,
ಬಾಗಿಲು ತೆರೆದೇ ಇಟ್ಟು
ಗಡಿಯಾರ ನೋಡದೆ ಕೂರುವುದು.
ಟೇಪಿನೊಳಗೆ ಚಮಚಗಳೂ ನಿಂತವು.

ವರ್ನೀತಾ ಲೆಕ್ಕದ ಪುಸ್ತಕ ಮಡಿಚಿದಳು.
ಸೋಬ್ಚಾಕ್ ಮುದುಕಿ ಬ್ರೆಡ್ಡಿನ ಚಾಕು ಹಿಡಿದೇ
"ಇದಕ್ಕೇನು ಅವನು ಊಟ ಆರಲು ಬಿಡುತ್ತಿದ್ದದ್ದು?" ಎಂದಳು,
ಯಾರನ್ನೂ ನೋಡದೆ.

ಟೇಪು ಮುಗಿಯಿತು. ಥಾಡಿಯಸ್ ಮೈಕಿಗೆ ಬರಲಿಲ್ಲ.
ಒಂದು ನಿಮಿಷ. ಎರಡು.
ಮೂರನೆಯದಕ್ಕೆ ಒಂದು ಫೋನು, ಒಡನೆ ಇನ್ನೊಂದು, ಮತ್ತೊಂದು:
"ಇದ್ದೀರಾ? ಹೋಗಿಬಿಟ್ಟಿರೇನೋ ಅಂತ..."
ಇದ್ದೇವೆ ಅಂದೆವು. ಇದ್ದೇವೆ, ಹೆಸರು ಹೇಳಿ,
ಇದ್ದೇವೆ, ಪಿನ್ ಕೋಡು ಹೇಳಿ.

ಮಧ್ಯರಾತ್ರಿಗೆ ಏಳು ಸಾವಿರದ ಮುನ್ನೂರ ಐದು.
ಸಾಲದು. ನಾಳೆ ಮತ್ತೆ ಮಗ್ಗು.

ಲಾರಿಯವನೂ ಇನ್ನೊಮ್ಮೆ ಕರೆದ, ವಿಳಾಸ ಕೊಡಲು ಮರೆತಿದ್ದ.
ನಲವತ್ತಕ್ಕೆ ಮಗ್ಗಿಲ್ಲ, ಆದರೂ ಬೇಕೇ ಎಂದು ಕೇಳಿದೆ.
"ತಪ್ಪು ಅಂಕಿಯದ್ದು ತಾನೆ?"
ತುಸು ತಡೆದು, "ಕಳಿಸು," ಎಂದ.
"ಮನೆಯಲ್ಲಿ ಈಗಾಗಲೇ ಮೂರಿವೆ."