ಕೊಳ ತೊಳೆಯುವ ಮಂಗಳವಾರ

ಊರಿಗೆ ತುಂಗೆಯಿದ್ದಾಳೆ, ಅರ್ಧ ಮೈಲಿಯಾಚೆ,
ಹರಿಯುತ್ತ. ಯಾರ ಮುಖವನ್ನೂ
ಹಿಡಿದಿಟ್ಟುಕೊಳ್ಳುವ ವ್ಯವಧಾನ ಅವಳಿಗಿಲ್ಲ.
ಅದಕ್ಕೇ ಇರಬೇಕು, ಪಾಲಿಕೆಯವರು
ಕಪ್ಪು ಕಲ್ಲು ಹಾಸಿ, ಮೊಣಕಾಲೂ ಮುಳುಗದಷ್ಟು
ನಿಂತ ನೀರು ತುಂಬಿಸಿ
ಕನ್ನಡಿ ಕೊಳ ಎಂದು ಫಲಕ ಹೊಡೆದರು.

ಸಂಜೆಯಾದರೆ ಕಾಲಿಡಲು ಜಾಗವಿಲ್ಲ.
ಗೋಪಿ ಸರ್ಕಲ್ಲಿನ ಆಟೋದವರು ವಿಳಾಸ ಕೇಳುವುದಿಲ್ಲ,
'ಕೊಳ' ಅಂದರೆ ಸಾಕು.
ಭದ್ರಾವತಿಯಿಂದ ಬಂದವರು, ಶಿಕಾರಿಪುರದ ಬಸ್ಸಿಳಿದವರು
ಮಂಡಕ್ಕಿ ಪೊಟ್ಟಣ ಹಿಡಿದೇ ಅಂಚಿಗೆ ಬಗ್ಗುತ್ತಾರೆ.
ಮೋಡ ನೋಡುತ್ತಾರೆ,
ಗಡಿಯಾರದ ಗೋಪುರ ತಲೆಕೆಳಗಾದ್ದು ನೋಡುತ್ತಾರೆ,
ಕೊನೆಗೆ ಕೂದಲು ಸರಿಮಾಡಿಕೊಳ್ಳುತ್ತಾರೆ.
ಎಲ್ಲರೂ. ಪೊಲೀಸಿನವರೂ.

ನಾನು ಯಲ್ಲೋಜಿ. ವಾಲ್ವು ನನ್ನದು, ಬ್ರಷ್ಷು ನನ್ನದು.
ಹನ್ನೊಂದು ವರ್ಷ.
ನನಗೆ ಅದು ಕೊಳವಲ್ಲ, ಪಾಚಿ.
ನೀರಿನ ಮೇಲೆ ಏನು ಕಾಣುತ್ತದೆ ಎಂದು ಕೇಳಬೇಡಿ,
ಅಡಿಯಲ್ಲಿ ಏನಿದೆ ಕೇಳಿ, ಹೇಳುತ್ತೇನೆ:
ಕಾಲುಂಗುರ, ಹಲ್ಲಿನ ಸೆಟ್ಟು, ಹರಕೆಯ ಚಿಲ್ಲರೆ,
ಒಮ್ಮೆ ಯಾರದೋ ಪರೀಕ್ಷೆಯ ಹಾಲ್ ಟಿಕೆಟ್ಟು,
ಲ್ಯಾಮಿನೇಟ್ ಮಾಡಿಸಿದ್ದು. ಫೋಟೋದೊಳಗಿನ ಹುಡುಗ
ನೀರಿನಡಿಯಿಂದ ನನ್ನನ್ನೇ ನೋಡುತ್ತಿದ್ದ.
ಆಫೀಸಿನಲ್ಲಿ ಕೊಟ್ಟೆ. ಯಾರೂ ಬಂದು ಕೇಳಲಿಲ್ಲ.

ತಿಂಗಳ ಎರಡನೇ ಮಂಗಳವಾರ ಕೊಳ ಖಾಲಿ.
ಮೂಲೆಯ ಜಾಲರಿ ಎತ್ತಿದರೆ
ಮೊದಲು ಆಕಾಶ ಸುಕ್ಕಾಗುತ್ತದೆ,
ಆಮೇಲೆ ಗೋಪುರ,
ಕೊನೆಗೆ ಗುಟುರು ಹಾಕುತ್ತ ಎಲ್ಲವೂ ಪೈಪಿನೊಳಗೆ.

ಅಂಥದೊಂದು ಮಂಗಳವಾರ ಬಂದರು
ಸಾಗರದ ಕಡೆಯ ಜೋಡಿ, ಫೋಟೋದವನ ಜತೆ.
ಮುಂದಿನ ವಾರ ಇಗರ್ಜಿಯಲ್ಲಿ ಮದುವೆಯಂತೆ.
ಹುಡುಗಿ ಫ್ಲೇವಿಯಾ. ಹಳದಿ ಗೌನು ಬಾಡಿಗೆಯದು,
ಏಳು ಗಂಟೆಯೊಳಗೆ ವಾಪಸು ಕೊಡಬೇಕು.
ಬರಿದಾದ ಕೊಳದ ಅಂಚಿನಲ್ಲಿ ಅವಳು ಅಳಲಿಲ್ಲ,
ಚಪ್ಪಲಿಯ ಕೊಕ್ಕೆ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದಳು.
'ಎಂತ ಮಾರಾಯ್ರೆ, ಇವತ್ತೇ ತೊಳೀಬೇಕಿತ್ತಾ?' ಅಂದ ಹುಡುಗ.
'ಬೋರ್ಡಿನಲ್ಲಿ ಬರೆದಿದೆ' ಅಂದೆ.
ಅಂದ ಮೇಲೆ ನನಗೇ ಒಂಥರಾ ಆಯಿತು.

ಕಲ್ಲುಜ್ಜಲು ಹಿಡಿದಿಟ್ಟ ನೀರಿತ್ತು, ಎರಡು ಬಕೆಟ್ಟು.
ಹಾಸಿನಲ್ಲೊಂದು ತಗ್ಗು, ಗುತ್ತಿಗೆದಾರನ ಕೃಪೆ,
ನಾನು ಹನ್ನೊಂದು ವರ್ಷ ಬೈದ ತಗ್ಗು.
ಅಲ್ಲಿಗೆ ಸುರಿದೆ.
ನೀರು ಹೊಯ್ದಾಡಿತು. ನಿಂತಿತು.
ಊಟದ ಎಲೆಯಷ್ಟಗಲ.
ಫೋಟೋದವ ಏನೂ ಅನ್ನದೆ, ಬಿಳಿ ಅಂಗಿಯಲ್ಲೇ,
ಪಾಚಿಯ ಮೇಲೆ ಬೋರಲು ಮಲಗಿ
ಮಗುವಿನ ಉಸಿರು ಆಲಿಸುವವನ ಹಾಗೆ
ಕ್ಯಾಮೆರಾವನ್ನು ನೀರಿನ ಹತ್ತಿರ ಹಿಡಿದ.

ತೋರಿಸಿದ.
ದೇವರಾಣೆ, ಇಡೀ ಆಕಾಶವಿತ್ತು.
ಮೇಲೊಂದು ಗೋಪುರ, ಕೆಳಗೊಂದು,
ಮೇಲೊಂದು ಹಳದಿ, ಕೆಳಗೊಂದು ಹಳದಿ,
ದಡವೇ ಕಾಣದ ಕೊಳ.
ಮೂರು ಲಕ್ಷ ಲೀಟರು ತುಂಬುವುದನ್ನು
ಮೋಟಾರಿನ ಸದ್ದಿನಲ್ಲೇ ಅಳೆಯಬಲ್ಲವನು ನಾನು.
ಎರಡು ಬಕೆಟ್ಟು ಸಾಕಾಗಿತ್ತು.
(ಪಾಲಿಕೆಗೆ ಹೇಳಬೇಡಿ. ಬಜೆಟ್ಟಿನ ಸಮಯ.)

ಚಿತ್ರದ ಬಲತುದಿಯಲ್ಲಿ, ನೀರಿನಲ್ಲಿ ಮಾತ್ರ, ಇನ್ನೊಬ್ಬನಿದ್ದ:
ಪ್ಯಾಂಟು ಮಡಚಿದವನು, ತಲೆಕೆಳಗೆ.
ಇವನ್ಯಾರು ಎಂದು ಕೇಳಲು ಬಾಯಿ ತೆರೆದಿದ್ದೆ,
ಬಕೆಟ್ಟಿನ ಗುರುತು ಸಿಕ್ಕಿತು.
ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ?
'ಇದನ್ನ ಅಳಿಸ್ತೀನಿ, ಒಂದು ನಿಮಿಷದ ಕೆಲಸ'
ಎಂದ ಫೋಟೋದವ.
ಹುಡುಗಿ 'ಇರ್ಲಿ' ಅಂದಳೋ, 'ಇರ್ಲಿ, ಆಮೇಲೆ' ಅಂದಳೋ,
ಅಷ್ಟರಲ್ಲಿ ಪಕ್ಕದ ಕಾರಂಜಿಯ ಮೋಟಾರು ಶುರುವಾಗಿ
ನನಗೆ ಕೇಳಿಸಲಿಲ್ಲ.

ತಗ್ಗು ಮುಚ್ಚಿಸಿಕೊಡಿ ಎಂದು ಬರೆದ ಅರ್ಜಿ
ಅಂಗಿಯ ಜೇಬಿನಲ್ಲೇ ಇತ್ತು, ಮೂರನೆಯ ಸಲದ್ದು.
ಬಕೆಟ್ಟು ಎತ್ತುವಾಗ ಒದ್ದೆಯಾಗಿತ್ತು.
ಬಿಸಿಲಿಗೆ ಹಾಕಲಿಲ್ಲ.