ಮೂರನೆಯ ಡಬ್ಬಿ

ಮುಹರ್ರಕ್ಕಿನ ಓಣಿಯಲ್ಲಿ ಮುತ್ತಿನ ವ್ಯಾಪಾರದ ಕಾಲದ ಮನೆ.
ಹಿಂದಿನ ಕೋಣೆಗೆ ಕಿಟಕಿಯಿಲ್ಲ, ಎರಡು ಏಸಿ.
ಒಂದು ಕೆಟ್ಟರೆ ಇನ್ನೊಂದು, ಎರಡೂ ಕೆಟ್ಟರೆ ನಾನು:
ಸಿಪ್ರಿಯಾನ್ ಬಾರ್ಬೋಜ, ಕಲ್ಯಾಣಪುರದವ,
ಅದ್ನಾನ್ ಜನಾಹಿಯವರ ಫೋನಿನಲ್ಲಿ
ಅವರ ಹೆಂಡತಿಗಿಂತ ಮೇಲಿನ ಹೆಸರು.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿ
ತನ್ನದನ್ನೆಲ್ಲ ತವರದ ಡಬ್ಬಿಗೆ ಸುರಿದವರು.
ಜರ್ಮನಿಯ ಮೂಕಚಿತ್ರ, ಅಂಕ ಐದು, ಡಬ್ಬಿ ನಾಲ್ಕು.
ಮೂರನೆಯದರ ಜಾಗದಲ್ಲಿ, ಕಪಾಟಿನಲ್ಲಿ,
ದಿನಾ ಒರೆಸಿಟ್ಟ ಒಂದು ಖಾಲಿ.

ಇದು ಬೆಂಕಿಯ ಜಾತಿ, ಅಂದರು ಮೊದಲ ದಿನವೇ,
ಹತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ.
ಮತ್ತೆ ಈ ಸೆಕೆಯ ದೇಶದಲ್ಲಿ ಯಾಕೆ, ಸಾರ್?
ನಕ್ಕರು: ನೀನು ಯಾಕೆ?

ಒಂದು ಶುಕ್ರವಾರ ಬಿಳಿ ಕೈಗವಸು ತೊಡಿಸಿ ಕೂರಿಸಿದರು.
ಕೈಯಲ್ಲೇ ತಿರುಗಿಸುವ ಮೇಜು, ಅಂಗೈಯಗಲದ ಗಾಜು,
ಅದರೊಳಗೆ ಓರೆ ಬಾಗಿಲುಗಳ ಊರು.
ಬೀದಿದೀಪ ಹಚ್ಚುವವನಿಗಿಂತ ಮೊದಲು
ಅವನ ನೆರಳು ಮನೆ ಮನೆ ತಲುಪುತ್ತದೆ.
ಅದು ತಟ್ಟಿದ ಮನೆಗೆ ಬೆಳಗಾಗುವುದಿಲ್ಲ.

ನೀಲಿ ಬಂದರೆ ರಾತ್ರಿ ಅಂತ ತಿಳಿ, ಅಂದರು.
ಹಗಲಲ್ಲೇ ತೆಗೆದು ಬಣ್ಣದ ನೀರಿಗೆ ಅದ್ದುತ್ತಿದ್ದರಂತೆ.
ನನಗೆ ಅದರ ಉಲ್ಟಾ ಗೊತ್ತು: ಸಿತ್ರಾದಲ್ಲಿ
ಹೊನಲುಬೆಳಕು ಹಾಕಿ, ರಾತ್ರಿಯನ್ನು ಹಗಲು ಮಾಡಿ
ನಾಲ್ಕು ತಿಂಗಳು ಪೈಪು ಕೂರಿಸಿದವರು ನಾವು.
ಮೂಕಚಿತ್ರವಂತೆ!
ನನ್ನ ಕಂಪ್ರೆಸರ್ ಇಡೀ ಹೊತ್ತು ಗುಂಯ್ ಅನ್ನುತ್ತಿತ್ತು.

ಎರಡನೆಯ ಡಬ್ಬಿ ಮುಗಿದಾಗ
ನೆರಳಿನ ಕೈ ಒಬ್ಬಳ ಚಿಲಕದ ಮೇಲೆ.
ನಾಲ್ಕನೆಯದು ಶುರುವಾದಾಗ
ಬೀದಿದೀಪ ಹಚ್ಚುತ್ತಿರುವವಳು ಅವಳೇ.
ನಡುವೆ ಏನಾಯಿತು? ಇಪ್ಪತ್ತೆರಡು ವರ್ಷದಿಂದ
ಲೈಪ್‌ಜಿಗ್‌ಗೆ ಬರೆದು ಕೇಳುತ್ತಿದ್ದಾರೆ, ಬ್ಯೂನಸ್ ಐರಿಸ್‌ಗೂ.

ಆಗಸ್ಟಿನ ಒಂದು ನಡುರಾತ್ರಿ ಫೋನು.
ಮಾತಿಲ್ಲ. ಆ ಕೋಣೆಯನ್ನಷ್ಟೇ ಕೇಳಿಸಿದರು.
ಲುಂಗಿಯಲ್ಲೇ ಓಡಿದೆ. ಓಣಿಗೇ ಕರೆಂಟಿಲ್ಲ,
ಜನರೇಟರ್ ಎರಡು ಸಲ ಕೆಮ್ಮಿ ಸತ್ತಿದೆ.
ಕಂಬಳಿ ಸುತ್ತಿ ಎರಡು ಡಬ್ಬಿ ಅವರು, ಎರಡು ನಾನು,
ಬಶೀರಾಕನ ಮೀನಿನ ಲಾರಿಗೆ ಏರಿಸಿದೆವು.
ಹಮ್ಮೂರ್ ಮೀನುಗಳ ತೆರೆದ ಕಣ್ಣುಗಳ ನಡುವೆ
ಐಸಿನಲ್ಲಿ ಮಲಗಿತು ಓರೆ ಬಾಗಿಲುಗಳ ಆ ಊರು.

ಚಪ್ಪಲಿ ಮರೆತು ಬಂದಿದ್ದರು.
ಲಾರಿಯ ಹಿಂದೆ ನಿಂತು ಕೇಳಿದರು:
ಸಿಪ್ರಿ, ಆವತ್ತು ನೋಡಿದಾಗ ಹೆದರಿಕೆ ಆಗಿತ್ತಾ?
ಇಲ್ಲ ಸಾರ್. ಇವತ್ತು ಆಯಿತು,
ಫೋನಿನಲ್ಲಿ ಗುಂಯ್ ಇರಲಿಲ್ಲವಲ್ಲ, ಆಗ.

ಹೂಂ ಅನ್ನಲಿಲ್ಲ ಅವರು.
ಲಾರಿಯ ಕೆಂಪು ದೀಪಕ್ಕೆ ಅವರ ನೆರಳು
ಎದುರುಮನೆಯ ಬಾಗಿಲನ್ನು ಆಗಲೇ ಮುಟ್ಟಿತ್ತು,
ಚಿಲಕದ ಹತ್ತಿರ.